ಉರುಳಿದ ಮಳೆಮರ ಬರಿಯ ಸೌದೆಯೇ?

ಹೆಬ್ಬಾಳ, ಯಲಹಂಕಗಳ ಕಡೆ ಬಿರುಗಾಳಿಗೆ ದೊಡ್ಡ ಮಳೆಮರವೊಂದು ಉರುಳಿತೆಂದರೆ, ಅದನ್ನು ತುಂಡರಿಸಿ ದಾರಿ ತೆರವು ಮಾಡುವುದೇ ಎಲ್ಲರ ಆತುರ. ಆ ತುಂಡುಗಳು ಅನೇಕ ವೇಳೆ ಸೌದೆಯಾಗಿ ಹೋಗುತ್ತವೆ. ಮರದ ಗುಣವನ್ನರಿಯದೆ ಮಾಡುವ ಈ ದುಂದು ನಿಲ್ಲಬೇಕೆಂಬುದು ನಮ್ಮ ಅಭಿಪ್ರಾಯ.

ಅಮೆರಿಕದ ಬಡಗಿಗಳು ಬಹುವಾಗಿ ಮೆಚ್ಚುವ ಮರ ಕಪ್ಪು ಅಕ್ರೋಟು. ಅದರ ಚೇಗು ಗಾಢ ಕಂದುಬಣ್ಣದ್ದು. ಒಣಗಿದಾಗ ತೂಕ ಘನಮೀಟರಿಗೆ ಸುಮಾರು 610 ಕಿಲೋಗ್ರಾಂ. ಉಷ್ಣವಲಯದ ಅಮೆರಿಕದಿಂದ ನಮ್ಮಲ್ಲಿಗೆ ಬಂದ ಮಳೆಮರದ ಚೇಗೂ ಕಂದು. ತೂಕವೂ ಹೆಚ್ಚುಕಡಿಮೆ ಅಷ್ಟೇ. ಹಸಿಮರ ಪೂರ್ತಿಯಾಗಿ ಒಣಗುವಾಗ, ಬೆಳವಣಿಗೆಯ ಉಂಗುರಗಳ ಗುಂಟ ಅಕ್ರೋಟು ಶೇಕಡ 8ರಷ್ಟು ಕುಗ್ಗಿದರೆ, ಮಳೆಮರ ಕುಗ್ಗುವುದು ಶೇಕಡ 3 ಅಥವಾ 4ರಷ್ಟು ಮಾತ್ರ. ಕುಗ್ಗುವಿಕೆ ಅಲ್ಪವಾದಷ್ಟೂ ಹಲಗೆ ಬಿರಿಯುವ, ಸೊಟ್ಟಗಾಗುವ ಭಯ ಕಡಿಮೆ. ಹವಾಯಿ ದ್ವೀಪಗಳಲ್ಲಿ ಇದರಿಂದ ಕಡೆದ ಬೋಗುಣಿಗಳು ಹೆಸರುವಾಸಿಯಾಗಿವೆ.

ದೋಷಗಳೂ ಇಲ್ಲದಿಲ್ಲ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಉಜ್ಜುಗೊರಡು ಹಾಕುವಾಗ ಮೈ ಕಿತ್ತುಬರುತ್ತದೆ. ಹೊರಭಾಗದ ಬಿಳಿಮರಕ್ಕೆ ಹುಳು ಹಿಡಿಯುತ್ತದೆ. ಬೀದಿಯ ಮರದಲ್ಲಿ ಹುದುಗಿದ ಮೊಳೆಗಳು ಗರಗಸದ ಹಲ್ಲನ್ನು ಮುರಿಯುತ್ತವೆ. ತೇವಾಂಶ ಶೇಕಡ 30ಕ್ಕಿಂತ ಕೆಳಗಿಳಿದಾಗ ಜೀವಕೋಶಗಳ ಭಿತ್ತಿಗಳಿಂದಲೇ ನೀರು ಹೊರಟು ಮರ ಕುಗ್ಗತೊಡಗುವುದರಿಂದ, ಕೊಯ್ದ ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು, ನೆರಳಿನಲ್ಲಿ ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸಬೇಕು. ಇವೆಲ್ಲ ತಾಳ್ಮೆ ಬೇಡುವ ಕೆಲಸಗಳೇ ಹೊರತು ಅಸಾಧ್ಯವಾದುವಲ್ಲ. ಯಶವಂತಪುರದ ನೆರೆಯ ಮಲ್ಲೇಶ್ವರದಲ್ಲಿ, 1938ರಲ್ಲಿ ಅರಣ್ಯ ಸಂಶೋಧನಾಲಯವಾಗಿ ಆರಂಭವಾಗಿ 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಕೇಂದ್ರವೇ ಇರುವಾಗ, ತಿಳಿವಳಿಕೆಗಾಗಿ ದೂರ ಹೋಗಬೇಕಾಗಿಲ್ಲ.

ನಾಟಾಕ್ಕೆ ಬೆಲೆ ಬಂದರೆ ಕೊಡಲಿಗೂ ಆಸೆ ಹುಟ್ಟದೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಸಂದೇಹ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಯೋಜಿಸಿದ್ದ ಉಕ್ಕಿನ ಮೇಲ್ಸೇತುವೆಗೆ 800ಕ್ಕೂ ಹೆಚ್ಚು ಮರಗಳು ಬಲಿಯಾಗಲಿದ್ದುವು. 2016ರಲ್ಲಿ ನಾಗರಿಕರು ಪ್ರತಿಭಟಿಸಿದರು, 2017ರಲ್ಲಿ ಯೋಜನೆ ಕೈಬಿಟ್ಟಿತು. ನಿಂತ ಮರ ಕೊಡುವ ನೆರಳಿಗೆ ಯಾವ ಹಲಗೆಯೂ ಸಮನಲ್ಲ. ಆದುದರಿಂದ ತಾನಾಗಿ ಬಿದ್ದ ಮರವನ್ನು ಮಾತ್ರ ಕೊಯ್ದು, ಮಾರದೆ, ಆಯಾ ಬಡಾವಣೆಯ ಶಾಲೆಗಳ ಬೆಂಚು ಮೇಜುಗಳಿಗೆ ಬಳಸಬೇಕೆಂದು ನಾವು ಸೂಚಿಸುತ್ತೇವೆ.

ಮರವು ಗಾಳಿಯಿಂದ ಹೀರಿದ ಇಂಗಾಲ, ಸೌದೆಯಾದರೆ ಗಂಟೆಗಳಲ್ಲಿ ಹೊಗೆಯಾಗಿ ಗಾಳಿಗೆ ಮರಳುತ್ತದೆ. ಬೆಂಚಾದರೆ ದಶಕಗಳ ಕಾಲ ಅಲ್ಲಿಯೇ ಉಳಿಯುತ್ತದೆ.