‘ಬಂಜೆ’ಗೆ ಪುಲ್ಲಿಂಗ ಯಾವುದು?

ಪ್ರನಾಳ ಶಿಶು ಎಂಬ ಮಾತು ಹುಬ್ಬಳ್ಳಿಗೆ ಈಗ ಹೊಸತಲ್ಲ. ಮಕ್ಕಳಿಲ್ಲದ ದಂಪತಿಗಳು ವರದಿಗಳ ಫೈಲು ಹಿಡಿದು ಗೋಕುಲ ರಸ್ತೆಯ ಬಸ್ ನಿಲ್ದಾಣದಲ್ಲಿ ಇಳಿಯುತ್ತಾರೆ. ದರ್ಗಾಕ್ಕೂ ಹೋಗುತ್ತಾರೆ, ಸಿದ್ಧಾರೂಢ ಮಠಕ್ಕೂ ಹೋಗುತ್ತಾರೆ, ವೈದ್ಯರ ಬಳಿಗೂ ಹೋಗುತ್ತಾರೆ. ಹರಕೆ, ಸಾಲ, ಸೂಜಿ ಮೂರೂ ಒಂದೇ ಮನೆಯಲ್ಲಿ. ಇವರು ನಮ್ಮ ರಂಗಭೂಮಿಯಲ್ಲಿ ಎಲ್ಲಿದ್ದಾರೆ?

ರಂಗದ ಮೇಲೆ ನಮಗೆ ಪರಿಚಯವಿರುವುದು ಒಬ್ಬಳೇ: ಬಂಜೆ. ಅವಳು ಅಳುತ್ತಾಳೆ, ಅತ್ತೆ ಚುಚ್ಚುತ್ತಾಳೆ, ಗಂಡ ಸವತಿಯನ್ನು ತರುತ್ತಾನೆ. ಡಾಕ್ಟರು ಬಂದರೆ ಅದು ನಗೆಗೆ, ದ್ವಂದ್ವಾರ್ಥಕ್ಕೆ. ‘ಗಂಡನ ಪರೀಕ್ಷೆ ಮಾಡಿಸಿದಿರಾ?’ ಎಂದು ಕೇಳುವ ಪಾತ್ರ ಎಷ್ಟು ನಾಟಕಗಳಲ್ಲಿದೆ? ಮಕ್ಕಳಾಗದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಿನ ಕಾರಣವೂ ಇರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಆದರೆ ನಮ್ಮ ಆಡುಮಾತಿನಲ್ಲಿ ‘ಬಂಜೆ’ಗೆ ಪುಲ್ಲಿಂಗವಿಲ್ಲ, ಉರ್ದುವಿನ ‘ಬಾಂಝ್’ ಅಂಟಿಕೊಂಡಿರುವುದೂ ಹೆಣ್ಣಿಗೇ. ‘ಷಂಡ’ ಬೇರೆಯೇ ಬೈಗುಳ.

ಪ್ರಯೋಗಶಾಲೆಯ ವಿಷಯ ರಂಗಕ್ಕೆ ಒಗ್ಗದು ಎನ್ನುವವರಿದ್ದಾರೆ. ಗರ್ಭನಿರೋಧಕ ಗುಳಿಗೆಯ ಹಿಂದಿನ ರಸಾಯನ ವಿಜ್ಞಾನಿಗಳಲ್ಲೊಬ್ಬರಾದ ಕಾರ್ಲ್ ಜೆರಾಸಿ 1998ರಲ್ಲಿ ‘ಆ್ಯನ್ ಇಮ್ಯಾಕ್ಯುಲೇಟ್ ಮಿಸ್‌ಕನ್ಸೆಪ್ಷನ್’ ನಾಟಕವನ್ನು ರಂಗಕ್ಕೆ ತಂದರು. ಅದರಲ್ಲಿ ವಿಜ್ಞಾನಿ ಹೆಣ್ಣೊಬ್ಬಳು ತನ್ನ ಪ್ರಿಯನಿಗೆ ತಿಳಿಸದೆ ಅವನ ವೀರ್ಯವನ್ನು ಬಳಸಿ ತಾಯಿಯಾಗಲು ಹೊರಡುತ್ತಾಳೆ. ಸೂಜಿ ಅಂಡದೊಳಗೆ ಹೊಗುವುದನ್ನು ಪ್ರೇಕ್ಷಕರು ಪರದೆಯ ಮೇಲೆ ನೋಡುತ್ತಾರೆ. ಮಗು ಯಾರದು, ಒಪ್ಪಿಗೆ ಕೇಳಿದವರು ಯಾರು ಎಂಬುದೇ ಅಲ್ಲಿನ ನಾಟಕ.

ಈ ಪ್ರಶ್ನೆ ನಮಗೇನು ಪರಕೀಯವೇ? ಧಾರವಾಡದಲ್ಲಿ ಬೆಳೆದ ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ ಕೇಳಿದ್ದು ಇದನ್ನೇ. ಮಗು ತನ್ನದಲ್ಲವೆಂದು ಅಪ್ಪಣ್ಣ ಹೇಳಿದೊಡನೆ ಪಂಚಾಯಿತಿ ಕೂಡುತ್ತದೆ. ಪ್ರಮಾಣ ಮಾಡಬೇಕಾದವಳು ಮಾತ್ರ ರಾಣಿ. ಅಂದು ಹುತ್ತದ ಹಾವು, ಇಂದು ಪ್ರಯೋಗಶಾಲೆಯ ವರದಿ. ಕಟಕಟೆಯಲ್ಲಿ ನಿಲ್ಲುವವಳು ಬದಲಾಗಿಲ್ಲ.

ನೀತಿಯ ಜಗಳವೂ ಕಡಿಮೆಯಿಲ್ಲ. ಗಂಡ ಹೆಂಡಿರದೇ ಅಂಡ, ವೀರ್ಯವಾದರೆ ಪ್ರನಾಳ ಶಿಶು ಸಮ್ಮತ, ಮೂರನೆಯವರ ಪಾಲು ಕೂಡದು ಎಂದು ಕೈರೋದ ಅಲ್ ಅಝ್‌ಹರ್ 1980ರಲ್ಲಿ ಫತ್ವಾ ನೀಡಿತು. 1999ರಲ್ಲಿ ಇರಾನಿನ ಆಯತೊಲ್ಲಾ ಖಮೇನಿ ಷರತ್ತುಗಳೊಂದಿಗೆ ದಾನಿಗಳಿಗೂ ಒಪ್ಪಿಗೆ ಕೊಟ್ಟರು. ಅಂದರೆ ಧರ್ಮಶಾಸ್ತ್ರಜ್ಞರೇ ಒಮ್ಮತದಲ್ಲಿಲ್ಲ. ಗಲ್ಲಿಯ ಹಿರಿಯರು ಮಾತ್ರ ಒಂದೇ ಮಾತಿಗೆ ಬಾಯಿ ಮುಚ್ಚಿಸುತ್ತಾರೆ. ನಮ್ಮ ದೇಶದ 2021ರ ಕಾನೂನು ಹೆಣ್ಣೊಬ್ಬಳು ಬದುಕಿನಲ್ಲಿ ಒಮ್ಮೆ ಮಾತ್ರ ಅಂಡದಾನ ಮಾಡಬಹುದು, ಏಳಕ್ಕಿಂತ ಹೆಚ್ಚು ಅಂಡ ತೆಗೆಯಕೂಡದು ಎನ್ನುತ್ತದೆ. ಬಾಡಿಗೆ ತಾಯ್ತನದ ವ್ಯಾಪಾರವನ್ನೂ ಅದೇ ವರ್ಷದ ಇನ್ನೊಂದು ಕಾನೂನು ನಿಷೇಧಿಸಿತು. ಆದರೆ ಯಾವ ಬಡತನ ಹೆಣ್ಣನ್ನು ಆ ಬಾಗಿಲಿಗೆ ತರುತ್ತದೆ? ಅದನ್ನು ಕಾನೂನು ಕೇಳುವುದಿಲ್ಲ. ನಾಟಕ ಕೇಳಬೇಕು.

ನಮಗೆ ಬೇಕಿರುವುದು ಇಲಾಖೆಯ ಪ್ರಚಾರದ ಬೀದಿನಾಟಕವಲ್ಲ, ಆಸ್ಪತ್ರೆಯ ಜಾಹೀರಾತೂ ಅಲ್ಲ. ವಿಜ್ಞಾನವನ್ನು ರಾಕ್ಷಸನನ್ನಾಗಿಸುವ ಅಬ್ಬರವಂತೂ ಬೇಡವೇ ಬೇಡ. ವರದಿ ಕೈಗೆ ಬಂದಾಗ ತಲೆ ತಗ್ಗಿಸುವ ಗಂಡಸು ಬೇಕು. ಅದನ್ನು ಅತ್ತೆಯಿಂದ ಮುಚ್ಚಿಟ್ಟು ತಾನೇ ಬಂಜೆಯೆಂಬ ಬೈಗುಳ ಹೊರುವ ಹೆಂಡತಿ ಬೇಕು. ಸೂಜಿ ಚುಚ್ಚುವ ಮೊದಲು ‘ನಿನಗೆ ಒಪ್ಪಿಗೆಯೇನಮ್ಮಾ?’ ಎಂದು ಅವಳನ್ನೇ ಕೇಳುವ ಒಂದು ದನಿ ಬೇಕು. ಇಷ್ಟು ಬರೆಯಲಾಗದಿದ್ದರೆ, ಆ ಬಂಜೆಯ ಪಾತ್ರವನ್ನು ನಮ್ಮ ರಂಗಭೂಮಿಯೇ ಧರಿಸಲಿ!