ಬಾಯಿಗೂ ಲಾಠಿಗೂ ನಡುವೆ ಪೊಲೀಸರಿಗೆ ಏನು ಕಲಿಸುತ್ತೇವೆ?

2021ರ ಡಿಸೆಂಬರ್ 27ರ ರಾತ್ರಿ ಕೋಟತಟ್ಟಿನ ಕೊರಗರ ಕಾಲನಿಯಲ್ಲಿ ಮೆಹಂದಿ ನಡೆಯುತ್ತಿತ್ತು. ಡಿಜೆ ಸದ್ದು ಜಾಸ್ತಿಯಾಯಿತು ಎಂಬ ದೂರಿನ ಮೇಲೆ ಕೋಟ ಪೊಲೀಸರು ಹೋದರು. ಮದುಮಗನೂ ಸೇರಿ ಹಲವರ ಮೇಲೆ ಲಾಠಿ ಬೀಸಿದ ಆರೋಪ ಬಂತು. ಪಿಎಸ್‌ಐ ಅಮಾನತಾದರು, ತನಿಖೆ ಸಿಐಡಿಗೆ ಹೋಯಿತು. ಬಸ್ರೂರಿನ ನಮಗೆ ಇದು ದೂರದ ಸುದ್ದಿಯಲ್ಲ, ಕುಂದಾಪುರ ದಾಟಿದರೆ ಸಿಗುವ ಊರಿನದು.

ಆಗ ಚರ್ಚೆಯಾದದ್ದು ಯಾರನ್ನು ಅಮಾನತು ಮಾಡಬೇಕು ಎಂಬುದು. ಅದು ಬೇಕಿತ್ತು. ಆದರೆ ಇನ್ನೊಂದು ಪ್ರಶ್ನೆ ಹಾಗೇ ಉಳಿಯಿತು: ಹೇಳಿದ್ದನ್ನು ಜನ ಕೇಳದಿದ್ದಾಗ ಪೊಲೀಸರು ಮುಂದೇನು ಮಾಡಬೇಕು? ಮೊದಲು ಗದರುವುದು, ಆಮೇಲೆ ಹೊಡೆಯುವುದು, ಇವೆರಡೇ ಗೊತ್ತಿದ್ದರೆ ಸದ್ದಿನ ದೂರೂ ಲಾಠಿಯಲ್ಲೇ ಮುಗಿಯುತ್ತದೆ. ನಡುವಿನ ಮೆಟ್ಟಿಲುಗಳನ್ನು ಕಟ್ಟುವುದೇ ತರಬೇತಿಯ ಕೆಲಸ.

ಕಾನೂನು ಸ್ಪಷ್ಟವಾಗಿದೆ. ಬಂಧಿತ ವ್ಯಕ್ತಿ ತಪ್ಪಿಸಿಕೊಳ್ಳದಂತೆ ತಡೆಯಲು ಬೇಕಾದಷ್ಟೇ ಬಿಗಿ ಮಾಡಬೇಕು, ಹೆಚ್ಚು ಕೂಡದು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 46ನೇ ಕಲಂ. ಹಳೆಯ ಸಿಆರ್‌ಪಿಸಿಯ 49ನೇ ಕಲಂ ಹೇಳುತ್ತಿದ್ದುದೂ ಇದನ್ನೇ. 'ಬೇಕಾದಷ್ಟು' ಎಂದರೆ ಎಷ್ಟು ಎಂಬುದನ್ನು ಮಾತ್ರ ಪುಸ್ತಕ ಓದಿ ಕಲಿಯಲಾಗದು, ಕೈಗೆ ಅಭ್ಯಾಸವಾಗಬೇಕು.

ಹಾಗಾಗಿ ತರಬೇತಿಯ ಸನ್ನಿವೇಶಗಳು ನಮ್ಮ ಊರಿನವೇ ಆಗಿರಲಿ. ಮೆಹಂದಿ ಮನೆಯ ಡಿಜೆ, ಜಾತ್ರೆಯಲ್ಲಿ ಕುಡಿದು ರಂಪ ಮಾಡುವವ, ಮಾನಸಿಕ ಕಾಯಿಲೆಯ ಮಗನನ್ನು ಹಿಡಿಯಲಾಗದೆ ಮನೆಯವರೇ ಪೊಲೀಸರನ್ನು ಕರೆದ ರಾತ್ರಿ. ಮೊದಲ ಪಾಠ ಮಾತು ಮತ್ತು ಅಂತರ. ಎರಡನೆಯದು, ಇಬ್ಬರು ಸೇರಿ ಗಾಯವಾಗದಂತೆ ಹಿಡಿಯುವುದು. ಮೂರನೆಯದು, ಬಿಡುವುದು. ಬೋರಲು ಕೆಡವಿ ಬೆನ್ನ ಮೇಲೆ ಭಾರ ಹಾಕಿದರೆ ಮನುಷ್ಯ ಉಸಿರಿಗಾಗಿ ಒದ್ದಾಡುತ್ತಾನೆ. ಅದನ್ನೇ ಪ್ರತಿರೋಧ ಎಂದುಕೊಂಡು ಇನ್ನಷ್ಟು ಒತ್ತುತ್ತಾರೆ. 2020ರ ಮೇನಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತದ್ದು ಹೀಗೆ ಒಂಬತ್ತು ನಿಮಿಷ ಒತ್ತಿ ಹಿಡಿದದ್ದರಿಂದ. ಕೈ ಕಟ್ಟಿದ ಕೂಡಲೇ ಮಗ್ಗುಲಿಗೆ ಹೊರಳಿಸಬೇಕು, ಎಬ್ಬಿಸಿ ಕೂರಿಸಬೇಕು.

ಪೊಲೀಸರ ರಕ್ಷಣೆಯೂ ಇದರಲ್ಲೇ ಇದೆ. ಕಾಲರ್ ಹಿಡಿದವನಿಂದ ಬಿಡಿಸಿಕೊಳ್ಳುವುದು, ಹಿಂದೆ ಸರಿಯುವುದು, ಲಾಠಿ ಕಿತ್ತುಕೊಳ್ಳಲು ಬಂದವನನ್ನು ತಡೆಯುವುದು ಗೊತ್ತಿದ್ದ ಕಾನ್‌ಸ್ಟೆಬಲ್‌ಗೆ ಭಯ ಕಡಿಮೆ. ಭಯ ಕಡಿಮೆಯಾದರೆ ಏಟೂ ಕಡಿಮೆ.

ಸಿಬ್ಬಂದಿಯೇ ಇಲ್ಲ, ತರಬೇತಿಗೆ ಸಮಯ ಎಲ್ಲಿದೆ ಎನ್ನುತ್ತಾರೆ. ನೇಮಕಾತಿಯ ವೇಳೆ ಒಮ್ಮೆ ಕಲಿತದ್ದು ಇಪ್ಪತ್ತು ವರ್ಷ ನಿಲ್ಲುವುದಿಲ್ಲ. ಪರೇಡಿನ ದಿನ ಒಂದು ಗಂಟೆ ಮೀಸಲಿಟ್ಟರೂ ಸಾಕು. ಎಲ್ಲ ಠಾಣೆಗಳಲ್ಲಿ ಸಿಸಿಟಿವಿ ಇರಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಆ ದೃಶ್ಯಗಳನ್ನು ತನಿಖೆಗೆ ಮಾತ್ರವಲ್ಲ, ಪಾಠಕ್ಕೂ ಬಳಸಲಿ. ಬಲಪ್ರಯೋಗ ಮಾಡಿದಾಗಲೆಲ್ಲ ಏಕೆ, ಎಷ್ಟು ಹೊತ್ತು, ಯಾರಿಗೆ ಗಾಯವಾಯಿತು ಎಂದು ಬರೆದಿಡಲಿ.

ತರಬೇತಿ ಎಲ್ಲವನ್ನೂ ಸರಿಮಾಡದು. ಅದೇ ಸದ್ದು ದೊಡ್ಡವರ ಮದುವೆ ಹಾಲ್‌ನಿಂದ ಬಂದಿದ್ದರೆ ಲಾಠಿ ಏಳುತ್ತಿತ್ತೇ ಎಂಬ ಪ್ರಶ್ನೆಗೆ ಯಾವ ಪಟ್ಟಿನಲ್ಲೂ ಉತ್ತರವಿಲ್ಲ. ಅದಕ್ಕೇ ತರಗತಿಯಲ್ಲಿ ಕೊರಗ ಸಮುದಾಯದವರೂ ಬಂದು ಮಾತಾಡಬೇಕು, ತಪ್ಪಿದವರಿಗೆ ಶಿಕ್ಷೆಯೂ ಆಗಬೇಕು. ಮುಂದಿನ ಮದುವೆ ಸೀಸನ್‌ಗೆ ಮೊದಲು ಉಡುಪಿ ಜಿಲ್ಲಾ ಪೊಲೀಸ್ ಒಂದು ಠಾಣೆಯಲ್ಲಾದರೂ ಇದನ್ನು ಶುರು ಮಾಡಲಿ. ಕೋಟದಿಂದಲೇ ಆದರೆ ಇನ್ನೂ ಒಳ್ಳೆಯದು.