ಗಡಿ ಯಾರಿಗೆ ಅಡ್ಡ?

೧೯೫೩ರ ಅಕ್ಟೋಬರ್ ೧ರಂದು ನಮ್ಮ ಆದವಾನಿ ತಾಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. ನೆಂಟಸ್ತಿಕೆಗೆ, ವ್ಯಾಪಾರಕ್ಕೆ ಆ ಗೆರೆ ಅಡ್ಡಬರಲಿಲ್ಲ. ಭಯೋತ್ಪಾದಕನಿಗೂ ಅದು ಅಡ್ಡವಲ್ಲ. ಪೊಲೀಸರಿಗೆ ಮಾತ್ರ ಅಡ್ಡವಾಗಬೇಕೆ?

೨೦೨೪ರ ಮಾರ್ಚ್ ೧ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಇಬ್ಬರು ಪ್ರಮುಖ ಆರೋಪಿಗಳು ಏಪ್ರಿಲ್ ೧೨ರಂದು ಪಶ್ಚಿಮ ಬಂಗಾಳದಲ್ಲಿ ಸಿಕ್ಕಿದರು. ರಾಷ್ಟ್ರೀಯ ತನಿಖಾ ಸಂಸ್ಥೆಯೊಡನೆ ನಾಲ್ಕು ರಾಜ್ಯಗಳ ಪೊಲೀಸರು ಕೈಜೋಡಿಸಿದ್ದರ ಫಲವಿದು.

ಹಿಡಿಯುವುದಕ್ಕಿಂತ ತಡೆಯುವುದು ಮೇಲು. ಬಳ್ಳಾರಿಯ ಠಾಣೆಗೆ ದೊರೆತ ಸುಳಿವು ಅಂದೇ ಆದವಾನಿಗೂ ಮುಟ್ಟಬೇಕು. ವಿದ್ಯಾರ್ಥಿಗಳೇ, ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟದೆ ಹಿರಿಯರಿಗೆ, ಪೊಲೀಸರಿಗೆ ತಿಳಿಸಿರಿ. ಆದರೆ ಉಡುಪು, ಭಾಷೆ, ಮತ ನೋಡಿ ಯಾರನ್ನೂ ಶಂಕಿಸಬೇಡಿರಿ. ಶಂಕೆಗೆ ಗುರಿಯಾದವರು ಠಾಣೆಯ ಮೆಟ್ಟಿಲು ಹತ್ತಲಾರರು. ಆಗ ಸುಳಿವೂ ಬಾರದು. ಗಡಿಯಾಚೆ ಇರುವವರೂ ನಮ್ಮ ನೆಂಟರೇ ಅಲ್ಲವೇ?